ಹರಕೆಯ ಪೆಟ್ಟು

ಕೃಷ್ಣೆಗೂ ತುಂಗಭದ್ರೆಗೂ ನಡುವಣ ಎಡೆದೊರೆ ನಾಡಿನಲ್ಲಿ, ಲಿಂಗಸುಗೂರಿಗೆ ಅನತಿದೂರದಲ್ಲಿ, ಕಲ್ಲುಗುಡ್ಡವನ್ನು ಒಳಗಿಟ್ಟುಕೊಂಡು ಕಂದಕವನ್ನು ಸುತ್ತಿಕೊಂಡು ನಿಂತಿರುವ ಮುದಗಲ್ ಕೋಟೆಯನ್ನು ಚರಿತ್ರೆ ಓದಿದವರು ಯುದ್ಧಗಳ ಮೂಲಕ ಬಲ್ಲರು. ಬಹಮನಿ ಸುಲ್ತಾನರು, ವಿಜಯನಗರದ ಅರಸರು, ಬಿಜಾಪುರದ ಆದಿಲಶಾಹಿಗಳು ಅದನ್ನು ಒಬ್ಬರ ಕೈಯಿಂದೊಬ್ಬರು ಕಿತ್ತುಕೊಳ್ಳುತ್ತ ಬಂದರು. 1406ರಲ್ಲಿ ಫಿರೋಜ್ ಶಹನಿಗೂ ಒಂದನೆಯ ದೇವರಾಯನಿಗೂ ನಡೆದ ಕಾಳಗಕ್ಕೆ ಮುದಗಲ್ಲಿನ ಅಕ್ಕಸಾಲಿಗನೊಬ್ಬನ ಮಗಳು ನಿಮಿತ್ತಳಾದಳೆಂದು ಫೆರಿಶ್ತಾ ಬರೆದಿದ್ದಾನೆ. ಆ ಊರಿನಲ್ಲಿಯೇ ಹುಟ್ಟಿ ಬೆಳೆದವನಾದರೂ ಈ ಸಂಗತಿಗಳನ್ನು ನಾನು ತಿಳಿದುಕೊಂಡುದು ಬಹಳ ತಡವಾಗಿ. ಅಕ್ಷರಗಳನ್ನು ಕೂಡಿಸಿ ಓದಲು ಬರುವುದಕ್ಕೂ ಮೊದಲೇ ಊರು ನನಗೆ ಕಿವಿಯ ಮೂಲಕ ಪರಿಚಯವಾಗಿದ್ದಿತು. ಹಲಗೆ, ತಾಸೆ, ಡೋಲು, ಝಾಂಜು ಇವುಗಳ ಧ್ವನಿ ಕೋಟೆಗೋಡೆಗೆ ತಾಗಿ ಮರಳುವಾಗ ಎಷ್ಟು ತಡವಾಗುತ್ತದೆಂಬುದನ್ನು ಗಮನಿಸಿ, ಮೆರವಣಿಗೆ ಯಾವ ಬಾಗಿಲ ಬಳಿಯಲ್ಲಿದೆಯೆಂದು ನಮ್ಮ ಕೇರಿಯ ಹುಡುಗರು ಕಣ್ಣು ಮುಚ್ಚಿ ಹೇಳುತ್ತಿದ್ದೆವು.

ನಾನು ಬಾಳಿನ ಬಹುಭಾಗವನ್ನು ಬಾರಿಸುವುದರಲ್ಲಿಯೇ ಕಳೆದೆನು. ಮೊದಲು ಮುದಗಲ್ಲಿನ ಮೊಹರಮ್ಮಿನಲ್ಲಿ ಹಲಗೆ, ತರುವಾಯ ರಾಯಚೂರು ಸೀಮೆಯ ಜಾತ್ರೆಗಳ ರಸಮಂಜರಿಯಲ್ಲಿ ಡ್ರಮ್ ಸೆಟ್, ಅದಾದ ಮೇಲೆ ಬೆಂಗಳೂರಿನಲ್ಲಿ ರಾಕ್ ತಂಡಗಳ ಬೆನ್ನಿಗೆ ಕುಳಿತು ಅದೇ ಡ್ರಮ್ ಸೆಟ್. ವೇದಿಕೆಯನ್ನು ಕೆಳಗಿನಿಂದ ನೋಡುವವರು ದೀಪಗಳ ಬೆಳಕನ್ನೂ ಜನರ ಕೂಗನ್ನೂ ಕಂಡು, ಡ್ರಮ್ಮರ್ ಎಂಬವನ ಬಾಳೆಲ್ಲವೂ ಹಾಗೆಯೇ ಇರುತ್ತದೆಂದು ಭಾವಿಸುವುದು ಸಹಜ. ವಾಸ್ತವದಲ್ಲಿ ವೇದಿಕೆಯ ಮೇಲಿನ ಎರಡು ಗಂಟೆಗಳ ಹಿಂದೆ ಸಾಮಾನು ಹೊರುವ, ಕಟ್ಟುವ, ಬಿಚ್ಚುವ, ಕಾಯುವ, ಬಸ್ಸಿನ ಹಿಂಬದಿಯ ಸೀಟಿನಲ್ಲಿ ತೂಕಡಿಸುವ ಹೊತ್ತು ಅಪಾರವಾಗಿರುತ್ತದೆ. ಮತ್ತು ಬಾರಿಸುವವನನ್ನು ಲೋಕವು ಹೇಗೆ ನಡೆಸಿಕೊಳ್ಳುತ್ತದೆಂಬುದು ತಿಳಿಯುವುದು ಆ ಹೊತ್ತಿನಲ್ಲಿಯೇ. ಈ ಬರಹದಲ್ಲಿ ನಾನು ನೆನೆಯಹೊರಟಿರುವುದು ಮುಖ್ಯವಾಗಿ ಅದನ್ನು.

ಮುದಗಲ್ಲಿನ ಮೊಹರಂ ನಾಡಿನಲ್ಲೆಲ್ಲ ಹೆಸರಾದುದು. ಹುಸೇನಿ ಆಲಮ್ಮೆಂಬ ಪಂಜಾ ದೇವರ ದರ್ಶನಕ್ಕೆಂದು ಕರ್ನಾಟಕದ ಮೂಲೆಮೂಲೆಗಳಿಂದಲ್ಲದೆ ಆಂಧ್ರ, ತೆಲಂಗಾಣ, ಮಹಾರಾಷ್ಟ್ರಗಳಿಂದಲೂ ಜನರು ಬರುತ್ತಾರೆ. ಬಂದವರಲ್ಲಿ ಹಿಂದೂಗಳೆಷ್ಟು, ಮುಸಲ್ಮಾನರೆಷ್ಟು ಎಂದು ಬೇರ್ಪಡಿಸುವ ಯೋಚನೆ ನಮ್ಮ ಹಿರಿಯರಿಗೆ ಬಂದುದನ್ನು ನಾನು ಕಾಣೆ. ಚಂದ್ರದರ್ಶನವಾದೊಡನೆ ಅಲಾಯಿ ಕುಣಿಗೆ ಗುದ್ದಲಿ ಬೀಳುತ್ತದೆ, ದೇವರು ಕೂಡ್ರುತ್ತವೆ, ಹರಕೆ ಹೊತ್ತವರು ಲಾಡಿ ಹಾಕಿಕೊಂಡು ಫಕೀರರಾಗುತ್ತಾರೆ, ಮನೆಮನೆಗಳಲ್ಲಿ ಚೊಂಗೆ, ಮಾಲ್ದಿಗಳು ಸಿದ್ಧವಾಗಿ ಓದಿಕೆಗೆ ಹೋಗುತ್ತವೆ, ಕತ್ತಲ ರಾತ್ರಿಯಂದು ಕುಣಿಯಲ್ಲಿ ಬೆಂಕಿ ಎತ್ತರಕ್ಕೆ ಏಳುತ್ತಿರಲು ಅದರ ಸುತ್ತ ಹೆಜ್ಜೆಮೇಳದವರು ಕುಣಿಯುತ್ತಾರೆ, ಹತ್ತನೆಯ ದಿನ ದೇವರು ಹೊಳೆಗೆ ಹೋಗುತ್ತವೆ. ಈ ದಿನಗಳ ಉದ್ದಕ್ಕೂ ಹುಸೇನರು ಮಡಿದ ಕರ್ಬಲಾದ ಕಥೆಯನ್ನು ಕನ್ನಡದಲ್ಲಿ ಹಾಡುವ ರಿವಾಯತ ಪದಗಳ ಮೇಳ ನಡೆಯುತ್ತಿರುತ್ತದೆ. ಶಿಶುನಾಳ ಷರೀಫರಂಥ ಅನುಭಾವಿಗಳೂ ರಿವಾಯತಗಳನ್ನು ಕಟ್ಟಿದವರೇ. ಹಾಡುವವನು ಒಂದು ನುಡಿ ಹೇಳಿ ನಿಲ್ಲಿಸಿದಾಗ ಹಿಮ್ಮೇಳದವರು ಅದನ್ನು ಎತ್ತಿಕೊಳ್ಳುವರು. ಅವರು ಬಿಟ್ಟಲ್ಲಿ ಹಲಗೆಯು ಹಿಡಿಯುವುದು.

ನಮ್ಮ ಮುತ್ಯಾ, ಎಂದರೆ ಅಜ್ಜ, ಆ ಹಲಗೆಯವರಲ್ಲಿ ಒಬ್ಬರು. ಹಲಗೆಯೆಂದರೆ ಕಟ್ಟಿಗೆಯ ಬಳೆಯೊಂದರ ಒಂದು ಮಗ್ಗುಲಿಗೆ ಚರ್ಮ ಬಿಗಿದ ವಾದ್ಯ, ಅಷ್ಟೆ. ಎಡ ಹೆಗಲಿಗೆ ತೂಗಿಕೊಂಡು, ಬಲಗೈಯಲ್ಲಿ ಮೋಟಾದ ದಪ್ಪ ಕೋಲನ್ನೂ ಎಡಗೈಯಲ್ಲಿ ಉದ್ದವಾದ ತೆಳು ಸಿಬಿರನ್ನೂ ಹಿಡಿದು ಬಾರಿಸುತ್ತಾರೆ. ಇದರ ಶ್ರುತಿಯನ್ನು ಏರಿಸುವುದಕ್ಕೆ ತಿರುಪಿಲ್ಲ, ದಾರವಿಲ್ಲ, ಬೆಂಕಿಯೊಂದೇ ಉಪಾಯ. ಮುತ್ಯಾ ಕುಣಿಯ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಹಲಗೆಯ ಮುಖವನ್ನು ಕೆಂಡದ ಕಡೆಗೆ ವಾರೆಯಾಗಿ ಹಿಡಿದು, ಚಪಾತಿ ಕಾಯಿಸುವವರಂತೆ ಮೆಲ್ಲಗೆ ತಿರುಗಿಸುತ್ತ, ನಡುನಡುವೆ ಹೆಬ್ಬೆರಳಿನಿಂದ ಅಂಚನ್ನೂ ಮಧ್ಯವನ್ನೂ ಒತ್ತಿ ನೋಡುತ್ತಿದ್ದರು. ಆರಂಭದಲ್ಲಿ ಒದ್ದೆ ಗೋಣಿಯ ಮೇಲೆ ಹೊಡೆದಂತಿದ್ದ ಧ್ವನಿ ಕ್ರಮೇಣ ಬಿರುಸಾಗಿ, ಕೊನೆಗೆ ಕಂಚಿನ ಅಂಚುಳ್ಳ ಒಂದು ಟಂಕಾರವಾಗುತ್ತಿದ್ದಿತು. ಒಂದು ಕ್ಷಣ ಹೆಚ್ಚಾದರೆ ಚರ್ಮ ಸೀಳುವುದು. ಒಂದು ಕ್ಷಣ ಕಡಿಮೆಯಾದರೆ ಮೇಳದ ನಡುವೆಯೇ ಧ್ವನಿ ಇಳಿದುಹೋಗುವುದು. ಹಿಜರಿ ವರ್ಷವು ಸೌರವರ್ಷಕ್ಕಿಂತ ಸುಮಾರು 11 ದಿನ ಕಿರಿದಾದುದರಿಂದ ಮೊಹರಂ ಹಿಂದುಹಿಂದಕ್ಕೆ ಸರಿಯುತ್ತ, 33 ವರ್ಷಗಳಷ್ಟರಲ್ಲಿ ಎಲ್ಲ ಋತುಗಳನ್ನೂ ಸುತ್ತಿಬರುತ್ತದೆ. ಆದುದರಿಂದ ಚಳಿಗಾಲದ ಮೊಹರಮ್ಮಿನಲ್ಲಿ ಕಲಿತ ಕಾವಿನ ಅಳತೆ ಬೇಸಗೆಯ ಮೊಹರಮ್ಮಿಗೆ ಒದಗದು, ಬೇಸಗೆಯದು ಮಳೆಗಾಲಕ್ಕೆ ಸಲ್ಲದು. ಎಲ್ಲ ಋತುಗಳ ಮೊಹರಂ ಬಾರಿಸಿದವನು ಮಾತ್ರ ಪೂರ್ಣ ಹಲಗೆಗಾರನೆಂದು ಮುತ್ಯಾ ಹೇಳುತ್ತಿದ್ದರು. ಎಂದರೆ ಅವರ ಗಣನೆಯಲ್ಲಿ ಈ ವಿದ್ಯೆಯ ವ್ಯಾಸಂಗಕ್ಕೆ ಹೆಚ್ಚು ಕಡಿಮೆ ಒಂದು ಆಯುಷ್ಯವೇ ಬೇಕು.

ಅವರು ನನಗೆ ಬಾರಿಸುವುದನ್ನು ಕಲಿಸುವುದಕ್ಕಿಂತ ಮೊದಲು ನಿಲ್ಲಿಸುವುದನ್ನು ಕಲಿಸಿದರು. ಹೆಜ್ಜೆಮೇಳದ ಗತಿ ಏರುತ್ತ ಏರುತ್ತ ಬಂದು, ಕುಣಿಯುವವರ ಕಾಲೂ ನೋಡುವವರ ಎದೆಯೂ ಅದಕ್ಕೆ ಒಪ್ಪಿಸಿಕೊಂಡ ಗಳಿಗೆಯಲ್ಲಿ, ಹಾಡುವವನು ಹುಸೇನರ ದಾಹದ ಪ್ರಸಂಗವನ್ನು ಎತ್ತಿದನೆಂದರೆ ಹಲಗೆ ಒಮ್ಮೆಲೇ ಮೌನವಾಗಬೇಕು. ಕೋಲು ಚರ್ಮದಿಂದ ಒಂದು ಗೇಣು ಮೇಲೆ ಹಾಗೆಯೇ ತಡೆದು ನಿಂತಿರಬೇಕು. ಎಳೆಯ ಕೈಗೆ ಅದು ಅತಿ ಕಷ್ಟ. ಗತಿಯ ಅಮಲಿನಲ್ಲಿರುವ ಕೈ ಇನ್ನೊಂದು ಪೆಟ್ಟಿಗಾಗಿ ತಹತಹಿಸುತ್ತಿರುತ್ತದೆ. “ಬಡಿಯಾಕ ಕೈ ಸಾಕು ತಮ್ಮಾ, ನಿಂದ್ರಸಾಕ ಎದಿ ಬೇಕು” ಎಂದು ಅವರು ನನ್ನ ಮೊಣಕೈಯನ್ನು ಹಿಡಿದು ನಿಲ್ಲಿಸುತ್ತಿದ್ದರು. ತರುವಾಯ ನಾನು ಕಂಡ ಯಾವ ಸಂಗೀತ ಶಿಕ್ಷಕರೂ ಲಯವನ್ನು ಕುರಿತು ಇದಕ್ಕಿಂತ ಹೆಚ್ಚಿನದನ್ನು ನನಗೆ ಹೇಳಲಿಲ್ಲ.

ಆದರೆ ಹಲಗೆಗೆ ಇನ್ನೊಂದು ಬಾಳು ಇದ್ದಿತು, ಮತ್ತು ವರ್ಷದ ಉಳಿದ ದಿನಗಳೆಲ್ಲ ಅದು ಬಾಳುತ್ತಿದ್ದುದು ಆ ಬಾಳನ್ನೇ. ಊರಲ್ಲಿ ಸಾವಾದರೆ ಹಲಗೆ ಬೇಕು. ಡಂಗುರ ಸಾರಬೇಕಾದರೆ ಹಲಗೆ ಬೇಕು. ದೇವರ ತೇರಿನ ಮುಂದೆ ಹಲಗೆ ಬೇಕು. ಬೇಕೆನ್ನಿಸಿದಾಗ ಕೇರಿಗೆ ಆಳು ಬರುತ್ತಿದ್ದನು, ಕರೆ ಬಂದಾಗ ಒಲ್ಲೆನೆನ್ನುವ ಸ್ವಾತಂತ್ರ್ಯ ಇರುತ್ತಿರಲಿಲ್ಲ. ತೇರಿನ ಮುಂದೆ ಬಾರಿಸಿದವನು ಗುಡಿಯ ಹೊರಗೆ ಬಿಸಿಲಲ್ಲಿ ಬರಿಗಾಲಲ್ಲಿ ನಿಂತಿರಬೇಕು. ಉಂಡವರು ಎದ್ದ ಮೇಲೆ ದೂರದಲ್ಲಿ ಬಡಿಸಿದುದನ್ನು ಉಣ್ಣಬೇಕು. ಕೊಟ್ಟ ಕಾಳನ್ನು ಉಡಿಯೊಡ್ಡಿ ಇಸಿದುಕೊಳ್ಳಬೇಕು. 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯ ಚಳುವಳಿ ಕರ್ನಾಟಕದ ಕೇರಿಕೇರಿಗಳನ್ನು ಮುಟ್ಟತೊಡಗಿದಾಗ ನಮ್ಮ ತಂದೆಯವರು ಇನ್ನೂ ತರುಣರು. ಹಲಗೆಯನ್ನೇ ಹೋರಾಟದ ಹಾಡಿನ ವಾದ್ಯವನ್ನಾಗಿ ಮಾಡಿಕೊಂಡವರು ಆ ಚಳುವಳಿಯಲ್ಲಿ ಇದ್ದರು. ಪರರ ಹೆಣದ ಮುಂದೆ ಇನ್ನು ಬಾರಿಸುವುದಿಲ್ಲವೆಂದು ಅದನ್ನು ಕೆಳಗಿಟ್ಟವರೂ ಇದ್ದರು. ನಮ್ಮ ತಂದೆಯವರು ಎರಡನೆಯ ಗುಂಪಿನವರು. ಮುತ್ಯಾ ಕಣ್ಣು ಮುಚ್ಚಿದ ವರ್ಷ ಅವರು ಹಲಗೆಯನ್ನು ಗೂಟಕ್ಕೆ ತೂಗುಹಾಕಿ, ಮೊಹರಮ್ಮಿನ ದಿನಗಳನ್ನು ಬಿಟ್ಟು ಬೇರೆ ಯಾವಾಗಲೂ ಅದನ್ನು ಇಳಿಸುವುದಿಲ್ಲವೆಂದರು. ಕರೆಯಲು ಬಂದವರು ಸಿಟ್ಟಾದರು. ಹೊಲದ ಕೆಲಸ ತಪ್ಪಿತು. ಕೆಲವು ತಿಂಗಳು ಮನೆಯಲ್ಲಿ ಒಲೆ ಸರಿಯಾಗಿ ಉರಿಯಲಿಲ್ಲ. ಹಾಗಾದರೆ ಮೊಹರಮ್ಮಿಗೆ ಮಾತ್ರ ಏಕೆ ಎಂದು ನಾನು ಕೇಳಿದಾಗ ಅವರು ಕೊಟ್ಟ ಉತ್ತರ ಚಿಕ್ಕದು: “ಹೇಳಿ ಬಡಸೂದು ಬ್ಯಾರೆ, ಹರಕಿ ಹೊತ್ತು ಬಡಿಯೂದು ಬ್ಯಾರೆ.” ಅಲಾಯಿಯ ಮುಂದೆ ಅವರನ್ನು ಯಾರೂ ಕರೆದಿರಲಿಲ್ಲ, ಅವರು ತಾವಾಗಿ ಹೋಗಿದ್ದರು. ನನ್ನ ವೃತ್ತಿಜೀವನದ ಉದ್ದಕ್ಕೂ ಈ ಮಾತಿನ ಆಳವನ್ನು ನಾನು ಅಳೆಯುತ್ತಲೇ ಬಂದಿದ್ದೇನೆ.

ನನಗೆ ಹಲಗೆಯನ್ನು ಜೀವನೋಪಾಯವಾಗಿ ಹಿಡಿಯಲು ತಂದೆಯವರು ಬಿಡುವುದು ಅಸಾಧ್ಯವಾಗಿದ್ದಿತು. ಬಾರಿಸದೆ ಇರುವುದು ನನಗೆ ಅಸಾಧ್ಯವಾಗಿದ್ದಿತು. ಈ ಇಕ್ಕಟ್ಟಿನಲ್ಲಿರುವಾಗಲೇ ಗಣೇಶೋತ್ಸವವೊಂದಕ್ಕೆ ರಾಯಚೂರಿನಿಂದ ಬಂದ ರಸಮಂಜರಿ ತಂಡದಲ್ಲಿ ನಾನು ಮೊದಲ ಬಾರಿಗೆ ಡ್ರಮ್ ಸೆಟ್ಟನ್ನು ಕಂಡೆನು. ತಂದೆಯವರೂ ಪಕ್ಕದಲ್ಲಿಯೇ ಇದ್ದರು. ನಾನು ಆ ತಾಳಫಲಕಗಳ ಹೊಳಪನ್ನೂ ಎರಡು ಕೈ ಎರಡು ಕಾಲುಗಳು ನಾಲ್ಕು ಬೇರೆ ಬೇರೆ ಕೆಲಸಗಳಲ್ಲಿ ತೊಡಗಿರುವುದನ್ನೂ ಬೆರಗಿನಿಂದ ನೋಡುತ್ತಿದ್ದಾಗ ಅವರು ನೋಡಿದುದು ಬೇರೊಂದನ್ನು. “ಕುಂತು ಬಡೀತಾನಲ್ಲ” ಎಂದರು. ಬಾರಿಸುವವನಿಗೆ ಅಲ್ಲಿ ಒಂದು ಆಸನವಿದ್ದಿತು. ಮುತ್ಯಾ ತಮ್ಮ ಆಯುಷ್ಯದಲ್ಲಿ ಊರ ಮುಂದೆ ಕುಳಿತು ಬಾರಿಸಿದವರಲ್ಲ, ಹಲಗೆಯ ಸ್ವರೂಪ ಅಂಥದು ಎಂಬುದು ಒಂದು ಕಾರಣವಾದರೆ, ಊರ ಸ್ವರೂಪ ಅಂಥದು ಎಂಬುದು ಇನ್ನೊಂದು. ಆ ರಾತ್ರಿಯ ತರುವಾಯ ನಾನು ಡ್ರಮ್ ಕಲಿಯಲು ರಾಯಚೂರಿಗೆ ಹೋಗಬಹುದೆಂದು ಅಪ್ಪಣೆಯಾಯಿತು.

ಡ್ರಮ್ ಸೆಟ್ಟೆಂಬುದು ಪರದೇಶದ ವಸ್ತುವೆಂದು ನಾನು ಬಹುಕಾಲ ನಂಬಿದ್ದೆನು. ಅದರ ಚರಿತ್ರೆಯನ್ನು ಓದುತ್ತ ಹೋದಂತೆ ಅದರೊಳಗೆ ಮುದಗಲ್ಲಿನ ಬೀದಿಯೇ ಕಾಣತೊಡಗಿತು. ಇಂದು ಜಗತ್ತಿನ ರಾಕ್ ವೇದಿಕೆಗಳಲ್ಲೆಲ್ಲ ಮೊಳಗುವ ಜಿಲ್ಜಿಯನ್ ತಾಳಫಲಕಗಳನ್ನು ಮೊದಲು ಎರಕ ಹೊಯ್ದವನು ಇಸ್ತಾಂಬುಲಿನ ಆರ್ಮೇನಿಯನ್ ಕುಶಲಕರ್ಮಿ ಅವೆದಿಸ್. ಅವನ ಕಾರ್ಖಾನೆ 1623ರದು. ತುರ್ಕಿಯ ಸುಲ್ತಾನನ ಜಾನಿಸಾರಿ ಪಡೆಗಳ ಮುಂದೆ ದೊಡ್ಡ ಡೋಲು, ಜೋಡಿ ನಗಾರಿ, ಝಾಂಜುಗಳು ಮೊಳಗುತ್ತಿದ್ದುದನ್ನು ಕೇಳಿ ಯುರೋಪಿನ ದೊರೆಗಳು 18ನೆಯ ಶತಮಾನದಲ್ಲಿ ತಮ್ಮ ಸೈನ್ಯದ ಬ್ಯಾಂಡುಗಳಿಗೂ ಅವನ್ನು ಸೇರಿಸಿಕೊಂಡರು. ಅಲ್ಲಿಂದ ಅವು ಅಮೆರಿಕಕ್ಕೆ ಹೋಗಿ, ನ್ಯೂ ಆರ್ಲಿಯನ್ಸ್ ನಗರದಲ್ಲಿ ಆಫ್ರಿಕನ್ ಮೂಲದ ವಾದಕರ ಕೈ ಸೇರಿದವು. ಬೀದಿಯಲ್ಲಿ ಮೂವರು ನಡೆಯುತ್ತ ಬಾರಿಸುತ್ತಿದ್ದುದನ್ನು ಸಭಾಂಗಣದಲ್ಲಿ ಒಬ್ಬನೇ ಕುಳಿತು ಬಾರಿಸಬೇಕಾಗಿ ಬಂದಾಗ ಕಾಲಿಗೂ ಕೆಲಸ ಕೊಡುವ ಉಪಾಯ ಬೇಕಾಯಿತು. ಷಿಕಾಗೊ ನಗರದ ವಿಲಿಯಂ ಲಡ್ವಿಗ್ 1909ರಲ್ಲಿ ತಯಾರಿಸಿದ ಪೆಡಲು ಅದನ್ನು ಒದಗಿಸಿತು. 1920ರ ದಶಕದಲ್ಲಿ ಎಡಗಾಲಿನ ಹೈ-ಹ್ಯಾಟ್ ಬಂದಿತು. ಡೋಲಿನವನು, ತಾಸೆಯವನು, ಝಾಂಜಿನವನು ಮೂವರೂ ಸೇರಿ ಒಬ್ಬನೇ ಆಗಿ ಕುಳಿತುಬಿಟ್ಟರೆ ಅದೇ ಡ್ರಮ್ ಸೆಟ್. ನ್ಯೂ ಆರ್ಲಿಯನ್ಸಿನ ಆ ವಾದಕರು ಶವಯಾತ್ರೆಯಲ್ಲಿಯೂ ಬಾರಿಸುತ್ತಿದ್ದರು: ಸ್ಮಶಾನಕ್ಕೆ ಹೋಗುವಾಗ ವಿಳಂಬಗತಿ, ಮರಳುವಾಗ ದ್ರುತಗತಿ. ಅವರು ತಮ್ಮವರ ಶವದ ಮುಂದೆ ತಮ್ಮ ಸಂಘದ ಉಡುಪು ಧರಿಸಿ ಬಾರಿಸುತ್ತಿದ್ದರೆಂದು ಓದಿದಾಗ ತಂದೆಯವರ ಮಾತು ನನಗೆ ಮತ್ತೊಮ್ಮೆ ಕೇಳಿಸಿತು.

ನಮ್ಮ ಮೊಹರಮ್ಮಿನ ವಾದ್ಯವೂ ಸಮುದ್ರ ದಾಟಿದ್ದಿತೆಂದು ತಿಳಿದುದು ಇನ್ನೂ ತಡವಾಗಿ. 1845ರಿಂದ ಆಚೆಗೆ ಕಬ್ಬಿನ ತೋಟಗಳ ಕೂಲಿಗೆಂದು ಕರಾರಿನ ಮೇಲೆ ಟ್ರಿನಿಡಾಡಿಗೆ ಹೋದ ಭಾರತೀಯರು ತಾಸೆಯನ್ನು ಕೊರಳಿಗೆ ಹಾಕಿಕೊಂಡೇ ಹೋದರೆನ್ನಬೇಕು. ಅಲ್ಲಿ ಮೊಹರಮ್ಮಿಗೆ ಹೋಸೆ ಎಂದು ಹೆಸರಾಯಿತು. ಹಿಂದೂಗಳೂ ಮುಸಲ್ಮಾನರೂ ಆಫ್ರಿಕನ್ ಮೂಲದವರೂ ಅದರಲ್ಲಿ ಕೂಡಿಕೊಂಡರು. ಆ ಕೂಟವನ್ನು ಕಂಡು ಹೆದರಿದ ಬ್ರಿಟಿಷ್ ಸರಕಾರವು ಮೆರವಣಿಗೆಯನ್ನು ಪಟ್ಟಣದೊಳಗೆ ತರಬಾರದೆಂದು ನಿಷೇಧಿಸಿತು. ನಿಷೇಧವನ್ನು ಮೀರಿ ನಡೆದವರ ಮೇಲೆ 1884ರ ಅಕ್ಟೋಬರ್ 30ರಂದು ಸ್ಯಾನ್ ಫರ್ನಾಂಡೊದಲ್ಲಿ ಗುಂಡು ಹಾರಿಸಲಾಯಿತು. ದಿನವಿಡೀ ಮೇಸ್ತ್ರಿಯ ಅಪ್ಪಣೆಯ ಮೇಲೆ ದುಡಿದವರು ವರ್ಷಕ್ಕೊಮ್ಮೆ ತಮ್ಮ ಇಚ್ಛೆಯಿಂದ ಬಾರಿಸುವ ಹಕ್ಕಿಗಾಗಿ ಪ್ರಾಣ ತೆತ್ತರೆಂಬುದನ್ನು ನೆನೆದಾಗ ನನಗೆ ಇಂದಿಗೂ ಮೈ ನವಿರೇಳುತ್ತದೆ. ಅವರ ತಾಸೆ ಇಂದೂ ಅಲ್ಲಿ ಮೊಳಗುತ್ತಿದೆ.

ರಸಮಂಜರಿಯ ದಿನಗಳನ್ನು ಬೇಗನೆ ದಾಟಿ ಹೋಗಬಹುದು; ಅವು ಒಂದರಂತೆ ಇನ್ನೊಂದಿದ್ದವು. ಮಸ್ಕಿ, ಸಿಂಧನೂರು, ಮಾನ್ವಿ, ಹಟ್ಟಿಗಳ ಜಾತ್ರೆ ಉತ್ಸವಗಳು. ಟೆಂಪೊದಲ್ಲಿ ಸ್ಪೀಕರುಗಳ ನಡುವೆ ಪ್ರಯಾಣ. ಹತ್ತು ಗಂಟೆಗೆಂದು ಹೇಳಿ ನಡುರಾತ್ರಿಗೆ ಆರಂಭ. ಬೆಳಗಿನ ಜಾವ ಕೊನೆಯ ಹಾಡು. ಚಿತ್ರಗೀತೆಗಳ ಗತಿಯನ್ನು ಗಾಯಕರ ಉಸಿರಿಗೆ ತಕ್ಕಂತೆ ಹಿಗ್ಗಿಸುವುದನ್ನೂ ಕುಗ್ಗಿಸುವುದನ್ನೂ ಅಲ್ಲಿ ಕಲಿತೆನು. ದುಡ್ಡು ಕೆಲವೊಮ್ಮೆ ಕೈಗೆ ಬರುತ್ತಿದ್ದಿತು, ಕೆಲವೊಮ್ಮೆ ಮುಂದಿನ ಕಾರ್ಯಕ್ರಮಕ್ಕೆ ಮುಂದಕ್ಕೆ ಹೋಗುತ್ತಿದ್ದಿತು. ಆ ಬಳಿಕ ಜಪಾನಿನ ರೋಲೆಂಡ್ ಕಂಪನಿಯ ಆಕ್ಟಪ್ಯಾಡ್ ನಮ್ಮ ಸೀಮೆಗೂ ಬಂದಿತು. ತೊಡೆಯ ಮೇಲೆ ಇಡಬಹುದಾದ ಒಂದು ಫಲಕದೊಳಗೆ ಡೋಲು, ತಬಲಾ, ತಾಳಫಲಕ ಎಲ್ಲವೂ ಅಡಗಿರುವಾಗ ಟೆಂಪೊದ ಅರ್ಧ ಜಾಗವನ್ನು ನುಂಗುವ ಡ್ರಮ್ ಸೆಟ್ಟನ್ನು ಹೊರುವವರಾರು? ನಾನು ಬಾರಿಸಬೇಕೆಂದಿದ್ದುದು ಕೈಗೆ ಮರುನುಡಿಯುವ ಮುಖವನ್ನು. ಆದುದರಿಂದ 1990ರ ದಶಕದ ನಡುವಿನಲ್ಲಿ ಬೆಂಗಳೂರಿನ ದಾರಿ ಹಿಡಿದೆನು.

ಬೆಂಗಳೂರಿನಲ್ಲಿ ಆಗ ಕಾಲೇಜುಗಳ ಉತ್ಸವಗಳಿಂದ ಹೊರಟ ರಾಕ್ ತಂಡಗಳು ತಮ್ಮದೇ ಗೀತೆಗಳನ್ನು ಕಟ್ಟತೊಡಗಿದ್ದ ಕಾಲ. ಬ್ರೂಸ್ ಲೀ ಮಣಿ, ಡ್ರಮ್ಮರ್ ರಾಜೀವ್ ರಾಜಗೋಪಾಲ್ ಮೊದಲಾದವರ ಥರ್ಮಲ್ ಆ್ಯಂಡ್ ಎ ಕ್ವಾರ್ಟರ್ ತಂಡ ಹುಟ್ಟಿದುದು 1996ರಲ್ಲಿ. ಅತ್ತ ಟಿ.ಎ.ಎಸ್. ಮಣಿಯವರು 1964ರಲ್ಲಿ ಸ್ಥಾಪಿಸಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್, ಮೃದಂಗ ಘಟ ಖಂಜಿರಗಳನ್ನು ವೇದಿಕೆಯ ನಡುವಿಗೆ ತಂದು ಕೂರಿಸಿ, ಜರ್ಮನಿಯ ಎಂಬ್ರಿಯೊ ತಂಡದವರೊಡನೆಯೂ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮಾರಿಯಾನೊ ಅವರೊಡನೆಯೂ ಬಾರಿಸಿ ಬಂದಿದ್ದಿತು. ತಾಳವಾದ್ಯವು ಪಕ್ಕವಾದ್ಯವಾಗಿಯೇ ಇರಬೇಕಾಗಿಲ್ಲವೆಂಬ ಮಣಿಯವರ ನಿಲುವು ನನಗೆ ದೊಡ್ಡ ಧೈರ್ಯವನ್ನು ಕೊಟ್ಟಿತು. ನಾನು ತಂಡದಿಂದ ತಂಡಕ್ಕೆ ಹೋಗುತ್ತ, ಶನಿವಾರ ಸಂಜೆಗಳಲ್ಲಿ ಬಾರಿಸುತ್ತ, ಉಳಿದ ದಿನಗಳಲ್ಲಿ ಧ್ವನಿವರ್ಧಕಗಳ ಅಂಗಡಿಯೊಂದರಲ್ಲಿ ದುಡಿಯುತ್ತ ಇದ್ದೆನು.

ಆ ಉಳಿದ ದಿನಗಳ ಬಗೆಗೆ ಕೆಲವು ಮಾತು ಹೇಳಬೇಕು. ಬಾಡಿಗೆಯ ಕೋಣೆಯಲ್ಲಿ ಡ್ರಮ್ ಬಾರಿಸುವಂತಿಲ್ಲವಾದುದರಿಂದ ನನ್ನ ಸಾಧನೆಯೆಲ್ಲ ತಲೆದಿಂಬಿನ ಮೇಲೆ ನಡೆಯುತ್ತಿದ್ದಿತು. ದಿಂಬು ಕೋಲನ್ನು ಹಿಂದಕ್ಕೆ ಎಸೆಯದಿರುವುದರಿಂದ ಪ್ರತಿ ಪೆಟ್ಟನ್ನೂ ಮಣಿಕಟ್ಟೇ ಎತ್ತಬೇಕಾಗುತ್ತದೆ, ಅದರಿಂದ ಕೈಗೆ ಬಲ ಬರುತ್ತದೆ. ತಂಡದ ಇತರರು ತಮ್ಮ ವಾದ್ಯವನ್ನು ಬೆನ್ನಿಗೆ ಹಾಕಿಕೊಂಡು ಮೊದಲು ಹೊರಡುವರು. ಡ್ರಮ್ಮರನು ಒಂದೊಂದೇ ಸ್ಟ್ಯಾಂಡನ್ನು ಮಡಚಿ, ತಾಳಫಲಕಗಳನ್ನು ಬಟ್ಟೆಯಲ್ಲಿ ಸುತ್ತಿ, ಎಲ್ಲರಿಗಿಂತ ಕೊನೆಗೆ ದೀಪ ಆರಿದ ವೇದಿಕೆಯಿಂದ ಇಳಿಯುವನು. ನಾಲ್ಕಾರು ವರ್ಷಗಳಾಗುವಷ್ಟರಲ್ಲಿ ಸೊಂಟ ನೋಯಲು ಆರಂಭಿಸುತ್ತದೆ. ತಾಳಫಲಕದ ಕಡೆಗಿರುವ ಕಿವಿಯಲ್ಲಿ ಗುಂಯ್ ಎಂಬ ನಾದವೊಂದು ನೆಲಸಿ, ಸುತ್ತಲೂ ನಿಶ್ಶಬ್ದವಾದಾಗಲೇ ಹೆಚ್ಚು ಕೇಳಿಸುತ್ತದೆ. ಹಬ್ಬದ ರಾತ್ರಿಗಳೆಲ್ಲ ಪರರ ಸಂತೋಷಕ್ಕೆ ಸಂದುಹೋಗುವುದರಿಂದ ತನ್ನ ಮನೆಯ ಮಕ್ಕಳೊಡನೆ ಹಬ್ಬದೂಟ ಮಾಡುವ ಭಾಗ್ಯ ಅವನಿಗೆ ಅಪರೂಪ. ನನ್ನ ಪತ್ನಿ ಇದನ್ನೆಲ್ಲ ಸಹಿಸಿಕೊಂಡು ಬಂದುದನ್ನು ಕೃತಜ್ಞತೆಯಿಂದಲ್ಲದೆ ನಾನು ನೆನೆಯಲಾರೆ. ಆದರೆ ವರ್ಷಕ್ಕೊಮ್ಮೆ, ಎಂಥ ಕಾರ್ಯಕ್ರಮವಿದ್ದರೂ ಬಿಟ್ಟು, ಮೊಹರಮ್ಮಿಗೆ ಮುದಗಲ್ಲಿಗೆ ಹೋಗುವ ಪದ್ಧತಿಯನ್ನು ನಾನು ತಪ್ಪಿಸಲಿಲ್ಲ.

2003ರಲ್ಲಿ ಮೊಹರಂ ಮಾರ್ಚ್ ತಿಂಗಳ ನಡುವಿನಲ್ಲಿ ಬಂದಿದ್ದಿತು. ಅಲಾಯಿಯ ಮುಂದೆ ಹಲಗೆ ಬಾರಿಸಿ ಬೆಂಗಳೂರಿಗೆ ಮರಳಿದ ಕೆಲವು ವಾರಗಳಲ್ಲಿಯೇ, ಏಪ್ರಿಲ್ 4ರಂದು, ಅರಮನೆ ಮೈದಾನದಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಕಾರ್ಯಕ್ರಮ ನಡೆಯಿತು. ಆ ಸಂಜೆ ಮಳೆ ಸುರಿಯಿತು. ತೊಯ್ದು ತೊಪ್ಪೆಯಾದ ಜನಸ್ತೋಮದ ನಡುವೆ ನಾನೂ ನಿಂತಿದ್ದೆನು. ಎಲ್ಲರ ಕಣ್ಣೂ ವೇದಿಕೆಯ ಈ ತುದಿಯಿಂದ ಆ ತುದಿಗೆ ಓಡಾಡುತ್ತಿದ್ದ ಮಿಕ್ ಜಾಗರ್ ಅವರ ಮೇಲಿದ್ದರೆ ನನ್ನ ಕಣ್ಣು ಪರದೆಯ ಮೇಲೆ ಆಗೀಗ ಮೂಡುತ್ತಿದ್ದ ಚಾರ್ಲಿ ವಾಟ್ಸರ ಬಲಗೈಯನ್ನು ಹುಡುಕುತ್ತಿದ್ದಿತು. ಅವರಿಗೆ ಆಗ 61 ವರ್ಷ. ರಾಕ್ ಡ್ರಮ್ಮರುಗಳು ಸಾಮಾನ್ಯವಾಗಿ ಬಲಗೈಯಿಂದ ಹೈ-ಹ್ಯಾಟನ್ನು ಒಂದೇ ಸಮನೆ ಬಾರಿಸುತ್ತ, ಎರಡನೆಯ ಮತ್ತು ನಾಲ್ಕನೆಯ ಮಾತ್ರೆಗಳಲ್ಲಿ ಎಡಗೈಯಿಂದ ಸ್ನೇರನ್ನು ಹೊಡೆಯುತ್ತಾರೆ. ಆಗ ಎರಡು ಪೆಟ್ಟುಗಳೂ ಒಟ್ಟಿಗೆ ಬೀಳುತ್ತವೆ. ವಾಟ್ಸರು ಹಾಗೆ ಮಾಡುವವರಲ್ಲ. ಎಡಗೈ ಸ್ನೇರಿನ ಮೇಲೆ ಬೀಳುವ ಗಳಿಗೆಯಲ್ಲಿ ಅವರ ಬಲಗೈ ಹೈ-ಹ್ಯಾಟನ್ನು ಮುಟ್ಟದೆ ಮೇಲಕ್ಕೆ ಎದ್ದುಬಿಡುತ್ತಿದ್ದಿತು, ಮತ್ತು ಆ ಒಂದು ತಡೆದ ಪೆಟ್ಟಿನಿಂದಾಗಿ ಸ್ನೇರಿನ ಧ್ವನಿಗೆ ಸುತ್ತಲೂ ಒಂದಿಷ್ಟು ಜಾಗ ಉಂಟಾಗಿ, ಗತಿಯಲ್ಲಿ ಉಸಿರಾಟವೊಂದು ಹುಟ್ಟುತ್ತಿದ್ದಿತು. ಕೋಲು ಗಾಳಿಯಲ್ಲಿ ತಡೆದು ನಿಂತುದನ್ನು ಪರದೆಯ ಮೇಲೆ ಕಂಡಾಗ ನನ್ನ ಮೊಣಕೈಯನ್ನು ಯಾರೋ ಹಿಡಿದಂತಾಯಿತು. ಮುತ್ಯಾ ಹೇಳಿದ ಮಾತನ್ನು ಜಗತ್ತಿನ ಮತ್ತೊಂದು ಮೂಲೆಯ ಒಬ್ಬರು, ಅದನ್ನು ಕೇಳದೆಯೇ, ಜೀವಮಾನವೆಲ್ಲ ಪಾಲಿಸಿಕೊಂಡು ಬಂದಿದ್ದರು.

ತರುವಾಯ ವಾಟ್ಸರ ಬಾಳನ್ನು ಕುರಿತು ಸಿಕ್ಕಿದುದನ್ನೆಲ್ಲ ಓದಿದೆನು. ಬಾಲ್ಯದಲ್ಲಿ ಅವರಿಗೆ ಡ್ರಮ್ ಇರಲಿಲ್ಲ. ಕೈಗೆ ಸಿಕ್ಕಿದ ಬ್ಯಾಂಜೊ ಒಂದರ ಕುತ್ತಿಗೆಯನ್ನು ತೆಗೆದುಹಾಕಿ, ಬಳೆಗೆ ಬಿಗಿದ ಅದರ ಮುಖವನ್ನೇ ಸ್ನೇರ್ ಮಾಡಿಕೊಂಡು ಬಾರಿಸುತ್ತಿದ್ದರು. ಎಂದರೆ ಅವರ ಮೊದಲ ವಾದ್ಯವೂ ಹೆಚ್ಚು ಕಡಿಮೆ ಒಂದು ಹಲಗೆಯೇ. 1963ರಲ್ಲಿ ಸ್ಟೋನ್ಸ್ ತಂಡವನ್ನು ಸೇರಿ 2021ರ ಆಗಸ್ಟ್ 24ರಂದು ತೀರಿಕೊಳ್ಳುವವರೆಗೆ ಅದರಲ್ಲಿಯೇ ಇದ್ದರು; 1964ರಲ್ಲಿ ಮದುವೆಯಾದ ಷರ್ಲಿಯವರೊಡನೆಯೇ ಕೊನೆಯವರೆಗೂ ಬಾಳಿದರು. ಪ್ರವಾಸದಲ್ಲಿ ತಾವು ಮಲಗಿದ ಹೋಟೆಲುಗಳ ಹಾಸಿಗೆಗಳ ಚಿತ್ರವನ್ನು ಬರೆದಿಡುವುದು ಅವರ ಅಭ್ಯಾಸವಾಗಿದ್ದಿತು. ಲಕ್ಷಾಂತರ ಜನರ ಕೂಗಿನಿಂದ ಎದ್ದುಬಂದು ಖಾಲಿ ಕೋಣೆಯೊಂದರಲ್ಲಿ ಕುಳಿತು ಹಾಸಿಗೆಯ ಮಡಿಕೆಗಳನ್ನು ಪೆನ್ಸಿಲಿನಿಂದ ಬರೆಯುತ್ತಿದ್ದ ಆ ಮನುಷ್ಯನನ್ನು ನಾನು ಬಲ್ಲೆನೆನ್ನಿಸುತ್ತದೆ. ವೇದಿಕೆಯಿಂದ ಇಳಿದ ಮೇಲೂ ಕೆಲವು ಗಂಟೆಗಳವರೆಗೆ ಡ್ರಮ್ಮರನ ಕೈಗೆ ನಿದ್ರೆ ಬರುವುದಿಲ್ಲ. ಸಾವಧಾನದ ಕೆಲಸವೊಂದನ್ನು ಅದಕ್ಕೆ ಕೊಡಲೇಬೇಕಾಗುತ್ತದೆ. ಮೊಹರಂ ಮುಗಿದ ರಾತ್ರಿ ಮುತ್ಯಾ ಎಲ್ಲರೂ ಮಲಗಿದ ಮೇಲೆ ಕುಳಿತು ಹಗ್ಗ ಹೊಸೆಯುತ್ತಿದ್ದರು.

ಅವರಿಬ್ಬರ ನಡುವೆ ಅಂತರವಿರಲಿಲ್ಲವೆಂದು ನಾನು ಹೇಳಹೊರಟಿಲ್ಲ. ಅಂತರ ಅಪಾರವಾಗಿದ್ದಿತು, ಮತ್ತು ಅದು ವಿದ್ಯೆಯದಾಗಿರಲಿಲ್ಲ. ಒಬ್ಬರು ವೇದಿಕೆಯಿಂದ ಇಳಿದಾಗ ಅವರ ಗೌರವವೂ ಅವರೊಡನೆ ಇಳಿದು ಮನೆಯವರೆಗೆ ಬರುತ್ತಿದ್ದಿತು. ಇನ್ನೊಬ್ಬರು ಹಲಗೆಯನ್ನು ಹೆಗಲಿನಿಂದ ಇಳಿಸಿದೊಡನೆ ಊರು ಅವರನ್ನು ಗುಡಿಯ ಹೊರಗೆ ನಿಲ್ಲಿಸುತ್ತಿದ್ದಿತು. 2008ರಲ್ಲಿ ರಘು ದೀಕ್ಷಿತರ ಮೊದಲ ಧ್ವನಿಮುದ್ರಿಕೆಯಲ್ಲಿ ಷರೀಫರ ಪದವನ್ನು ರಾಕ್ ಗತಿಯಲ್ಲಿ ಕೇಳಿ ನಾಡಿನ ತರುಣರೆಲ್ಲ ಕುಣಿದಾಗ ನಾನೂ ಹಿಗ್ಗಿದೆನು. ಆ ಪದಗಳನ್ನು ಶತಮಾನಕ್ಕೂ ಮಿಕ್ಕಿ ಬಾಯಲ್ಲಿಯೂ ಬೆರಳಲ್ಲಿಯೂ ಕಾಪಾಡಿಕೊಂಡು ಬಂದ ಹಳ್ಳಿಯ ಮೇಳದವರಿಗೂ ಆ ಹಿಗ್ಗಿನಲ್ಲಿ ಪಾಲು ಸಲ್ಲಬೇಕಲ್ಲವೆ ಎಂದೂ ಅನ್ನಿಸಿತು.

ತಂದೆಯವರು ಕೈಲಾಗದವರಾದಾಗ ನಾನು ಮುದಗಲ್ಲಿಗೆ ಮರಳಿ, ಇಲ್ಲಿಯೇ ಉಳಿದೆನು. ಊರು ಬದಲಾಗಿದೆ. ಹಲಗೆಗೆ ಈಗ ಬಹುಮಟ್ಟಿಗೆ ಫೈಬರಿನ ಮುಖ ಬಂದಿದೆ; ಅಮೆರಿಕದ ಡ್ರಮ್ಮುಗಳು 1957ರ ಸುಮಾರಿಗೆ ಚರ್ಮವನ್ನು ಬಿಟ್ಟು ಪ್ಲಾಸ್ಟಿಕ್ಕಿಗೆ ಹೊರಳಿದಂತೆಯೇ ಇದೂ. ಮಳೆಗೆ ಅದು ಅಂಜುವುದಿಲ್ಲ, ಬೆಂಕಿಯನ್ನು ಬೇಡುವುದಿಲ್ಲ. ಸಾವಿರಾರು ಜನ ಸೇರಿದ ಹಬ್ಬದಲ್ಲಿ ದೂರಕ್ಕೆ ಕೇಳಿಸುತ್ತದೆ. ನನಗೆ ಅದರ ಮೇಲೆ ಮುನಿಸಿಲ್ಲ. ಚರ್ಮದ ಹದವನ್ನು ಬಲ್ಲ ಹಿರಿಯರು ಬದುಕಿರುವಾಗಲೇ ಎಳೆಯರು ಅವರಿಂದ ಕಲಿತುಕೊಳ್ಳಲಿ ಎಂಬುದೊಂದೇ ನನ್ನ ಹಂಬಲ. ಅದಕ್ಕಾಗಿ ಸಂಜೆಯ ಹೊತ್ತು ನಮ್ಮ ಅಂಗಳದಲ್ಲಿ ಒಂದು ಪಾಠ ನಡೆಯುತ್ತದೆ. ಒಂದು ಕಡೆ ಡ್ರಮ್ ಸೆಟ್, ಇನ್ನೊಂದು ಕಡೆ ಹಲಗೆಗಳು. ಕಿಲ್ಲಾದ ಮುಸಲ್ಮಾನ ಮಕ್ಕಳು ಬರುತ್ತಾರೆ. ಜೆಸ್ಯುಯಿಟ್ ಪಾದ್ರಿಗಳು 16ನೆಯ ಶತಮಾನದಲ್ಲಿಯೇ ಬಂದು ಕಟ್ಟಿದರೆನ್ನುವ ಹಳೆಯ ಇಗರ್ಜಿಯ ಸುತ್ತಣ ಕ್ರೈಸ್ತರ ಮಕ್ಕಳು ಬರುತ್ತಾರೆ. ನಮ್ಮ ಕೇರಿಯವರೂ ಮೇಲಿನ ಓಣಿಯವರೂ ಬರುತ್ತಾರೆ. ಹಲಗೆಯನ್ನು ಹೆಗಲಿಗೆ ಹಾಕಿಕೊಳ್ಳುವುದು ಒಂದು ಕುಲದವರ ಹಣೆಬರಹವೆಂಬ ಮಾತು ಆ ಮಕ್ಕಳಿಗೆ ಗೊತ್ತಿಲ್ಲ. ಅದು ಗೊತ್ತಿಲ್ಲದಿರುವುದನ್ನು ಕಣ್ಣಾರೆ ಕಾಣುವಷ್ಟು ಕಾಲ ನಮ್ಮ ತಂದೆಯವರು ಬದುಕಿದ್ದರು.

ಶಿಗ್ಗಾವಿಯ ಹತ್ತಿರದ ಗೊಟಗೋಡಿಯಲ್ಲಿ 2011ರಿಂದ ಜಾನಪದಕ್ಕೆಂದೇ ಒಂದು ವಿಶ್ವವಿದ್ಯಾಲಯವಿದೆ. ಮೃದಂಗಕ್ಕೂ ಖಂಜಿರಕ್ಕೂ ಮಣಿಯವರು ಬೆಂಗಳೂರಿನಲ್ಲಿ ಮಾಡಿದ ಕೆಲಸವನ್ನು ಹಲಗೆಗೂ ತಾಸೆಗೂ ಎಡೆದೊರೆ ನಾಡಿನಲ್ಲಿ ಮಾಡುವುದು ಅಸಾಧ್ಯವಲ್ಲ. ಪ್ರಶಸ್ತಿಯ ಶಾಲನ್ನು ಒಂದು ಸಂಜೆಗೆ ಹೊದಿಸುವುದರಿಂದ ಅದು ಆಗುವುದಿಲ್ಲ. ವರ್ಷವಿಡೀ ನಡೆಯುವ ಪಾಠ, ಕಲಿಸುವವರಿಗೆ ತಿಂಗಳ ಸಂಬಳ, ಅವರ ಮನೆಯವರೆಗೂ ಹಿಂಬಾಲಿಸಿ ಬರುವ ಮರ್ಯಾದೆ, ಇವು ಬೇಕು. ಕರೆದು ಬಾರಿಸಿಕೊಳ್ಳುವ ಕಾಲ ಮುಗಿಯಲಿ. ಒಲಿದು ಬಾರಿಸುವವರ ಕಾಲ ಬರಲಿ. ಅದು ಬರಬೇಕಾದರೆ ಬಾರಿಸದೆ ಇರುವ ಸ್ವಾತಂತ್ರ್ಯವೂ ಬಾರಿಸಿದವನಿಗೆ ಅನ್ನವೂ ಎರಡೂ ಒಟ್ಟಿಗೆ ಇರಬೇಕು. ನಮ್ಮ ಅಂಗಳದ ಮಟ್ಟಿಗೆ ನಾನು ಒಂದು ನಿಯಮವನ್ನು ಮಾಡಿದ್ದೇನೆ: ಹಲಗೆಯ ಪಾಠ ಹೇಳಲು ಬರುವ ಹಿರಿಯರು ಕುರ್ಚಿಯಲ್ಲಿ ಕುಳಿತ ಮೇಲೆಯೇ ಮಕ್ಕಳು ಕೋಲನ್ನು ಕೈಗೆ ತೆಗೆದುಕೊಳ್ಳಬೇಕು.